ಕತ್ತಲೆಯೂ ಸಾರ್ವಜನಿಕ ಸ್ವತ್ತು

ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ‘ಸಾರ್ವಜನಿಕ ಸರಕು’ ಎಂದರೇನು ಎಂಬುದನ್ನು ನಮ್ಮ ಪ್ರಾಧ್ಯಾಪಕರು ದೀಪಸ್ತಂಭದ ಉದಾಹರಣೆ ಕೊಟ್ಟು ವಿವರಿಸುತ್ತಿದ್ದರು. ಕಡಲ ದಂಡೆಯ ದೀಪಸ್ತಂಭದ ಬೆಳಕನ್ನು ಒಂದು ಹಡಗು ಬಳಸಿಕೊಂಡರೆ ಇನ್ನೊಂದು ಹಡಗಿಗೆ ಅದು ಕಡಿಮೆಯಾಗುವುದಿಲ್ಲ. ಹಣ ಕೊಡದ ಹಡಗಿನಿಂದ ಅದನ್ನು ಮರೆಮಾಡಲೂ ಆಗದು. ಆದ್ದರಿಂದ ಇಂಥ ಸರಕನ್ನು ಮಾರುಕಟ್ಟೆ ಒದಗಿಸಲಾರದು, ಸರ್ಕಾರವೇ ಒದಗಿಸಬೇಕು ಎಂಬುದು ವಾದ. ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಈ ಸಿದ್ಧಾಂತಕ್ಕೆ ಗಣಿತದ ರೂಪ ಕೊಟ್ಟರು. ಇಂಗ್ಲೆಂಡಿನಲ್ಲಿ ಖಾಸಗಿಯವರೂ ಶುಲ್ಕ ವಸೂಲಿ ಮಾಡಿ ದೀಪಸ್ತಂಭಗಳನ್ನು ನಡೆಸಿದ್ದರೆಂದು ರೊನಾಲ್ಡ್ ಕೋಸ್ 1974ರಲ್ಲಿ ತೋರಿಸಿಕೊಟ್ಟರು. ಈ ವಾದ ವಿವಾದಗಳನ್ನು ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಳಿಸಿದೆವು. ಆದರೆ ಬೆಳಕಿನಂತೆ ಕತ್ತಲೆಯೂ ಒಂದು ಸಾರ್ವಜನಿಕ ಸರಕು ಎಂದು ನಮಗೆ ಯಾರೂ ಹೇಳಲಿಲ್ಲ. ನಾಲ್ಕು ದಶಕಗಳ ಬಳಿಕ ಅದನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ನ್ಯೂಜಿಲೆಂಡಿನ ಒಂದು ಹಳ್ಳದ ದಂಡೆ.

ನನ್ನ ಮಗಳು ಆ ದೇಶದ ಉತ್ತರ ದ್ವೀಪದ ಹ್ಯಾಮಿಲ್ಟನ್ ನಗರದಲ್ಲಿ ನೆಲೆಸಿದ್ದಾಳೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿ ಕ್ರಮಿಸಿದರೆ ವೈಟೊಮೊ ಎಂಬ ಹಳ್ಳಿ ಸಿಗುತ್ತದೆ. ಸುಣ್ಣಕಲ್ಲಿನ ಗುಹೆಗಳಿಗೂ ಅವುಗಳೊಳಗೆ ಬೆಳಗುವ ಹುಳುಗಳಿಗೂ ಅದು ಪ್ರಸಿದ್ಧ. ಏಪ್ರಿಲ್ ತಿಂಗಳ ಒಂದು ದಿನ, ಅಲ್ಲಿ ಆಗ ಶರತ್ಕಾಲ, ಮಗಳು, ಅಳಿಯ ಮತ್ತು ಒಂಬತ್ತು ವರ್ಷದ ಮೊಮ್ಮಗನೊಂದಿಗೆ ನಾನೂ ಹೊರಟೆ.

ಆ ಹುಳು ನಮ್ಮ ಮಲೆನಾಡಿನ ಮಿಂಚುಹುಳುವಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಮ್ಮ ಮಿಂಚುಹುಳು ದುಂಬಿಯ ಜಾತಿಗೆ ಸೇರಿದ್ದು. ಹಾರುತ್ತಾ ಮಿನುಗಿ ಸಂಗಾತಿಯನ್ನು ಕರೆಯುತ್ತದೆ. ನ್ಯೂಜಿಲೆಂಡಿನ ಗ್ಲೋ ವರ್ಮ್ ಒಂದು ಬಗೆಯ ನುಸಿಯ ಮರಿಹುಳು. ವಿಜ್ಞಾನಿಗಳು ಅದನ್ನು ಅರಾಕ್ನೊಕ್ಯಾಂಪಾ ಲ್ಯುಮಿನೋಸಾ ಎಂದು ಕರೆದರೆ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳು ಟಿಟಿವೈ ಎನ್ನುತ್ತಾರೆ. ಅದು ಹಾರುವುದಿಲ್ಲ, ಮಿನುಗುವುದೂ ಇಲ್ಲ. ಗುಹೆಯ ಮಾಳಿಗೆಗೋ ತೇವದ ಮಣ್ಣಿನ ಗೋಡೆಗೋ ಅಂಟಿಕೊಂಡು, ಮಣಿ ಪೋಣಿಸಿದಂತಿರುವ ಅಂಟಿನ ಎಳೆಗಳನ್ನು ಕೆಳಗೆ ಇಳಿಬಿಟ್ಟು, ದೇಹದ ತುದಿಯಿಂದ ನೀಲಿ ಹಸಿರು ಬೆಳಕನ್ನು ಒಂದೇ ಸಮನೆ ಬೀರುತ್ತಾ ಕಾದಿರುತ್ತದೆ. ಆ ಬೆಳಕನ್ನು ನಂಬಿ ಹಾರಿಬಂದ ಸಣ್ಣ ಕೀಟಗಳು ಎಳೆಗೆ ಸಿಕ್ಕಿ ಆಹಾರವಾಗುತ್ತವೆ. ಮರಿಹುಳುವಿನ ಈ ಅವಸ್ಥೆ ಸುಮಾರು ಒಂಬತ್ತು ತಿಂಗಳು. ಆಮೇಲೆ ರೆಕ್ಕೆ ಮೂಡಿ ನುಸಿಯಾದಾಗ ಅದಕ್ಕೆ ಉಣ್ಣಲು ಬಾಯಿಯೇ ಇರುವುದಿಲ್ಲ. ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ.

ಹಗಲಿನಲ್ಲಿ ನಾವು ನೋಡಿದ್ದು ಟಿಕೆಟ್ ಪಡೆದು ಪ್ರವೇಶಿಸುವ ದೊಡ್ಡ ಗುಹೆ. 1887ರಲ್ಲಿ ಸ್ಥಳೀಯ ಮಾವೋರಿ ಮುಖಂಡ ಟಾನೆ ಟಿನೊರಾವು, ಫ್ರೆಡ್ ಮೇಸ್ ಎಂಬ ಇಂಗ್ಲಿಷ್ ಸರ್ವೇಯರನೊಂದಿಗೆ ತೆಪ್ಪದ ಮೇಲೆ ಮೇಣದ ಬತ್ತಿ ಹಿಡಿದು ಇದರ ಒಳಹೊಕ್ಕರಂತೆ. 1889ರ ಹೊತ್ತಿಗೆ ಟಿನೊರಾವು ಕುಟುಂಬ ಸಣ್ಣ ಶುಲ್ಕ ಪಡೆದು ಪ್ರವಾಸಿಗರನ್ನು ಕರೆದೊಯ್ಯತೊಡಗಿತ್ತು. 1906ರಲ್ಲಿ ಸರ್ಕಾರ ಗುಹೆಯ ಆಡಳಿತವನ್ನು ವಶಕ್ಕೆ ತೆಗೆದುಕೊಂಡಿತು; 1989ರಲ್ಲಿ ಭೂಮಿಯನ್ನೂ ಗುಹೆಯನ್ನೂ ಮೂಲ ಒಡೆಯರ ವಂಶಸ್ಥರಿಗೆ ಹಿಂದಿರುಗಿಸಿತು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ, ಒಮ್ಮೆ ತೆಗೆದುಕೊಂಡದ್ದನ್ನು ಸರ್ಕಾರವೊಂದು ಹಿಂದಿರುಗಿಸಿತೆಂಬ ಸಂಗತಿ ಗುಹೆಯಷ್ಟೇ ಅಚ್ಚರಿಯದಾಗಿ ಕಂಡಿತು.

ಅಲ್ಲಿನ ಶಿಸ್ತು ಮೆಚ್ಚುವಂಥದು. ಛಾಯಾಚಿತ್ರ ತೆಗೆಯುವಂತಿಲ್ಲ, ಮಾತನಾಡುವಂತಿಲ್ಲ. ದೋಣಿಗೆ ಯಂತ್ರವಿಲ್ಲ, ಮೇಲೆ ಕಟ್ಟಿದ ಹಗ್ಗವನ್ನು ಹಿಡಿದೆಳೆಯುತ್ತಾ ಮಾರ್ಗದರ್ಶಿ ದೋಣಿಯನ್ನು ಸಾಗಿಸುತ್ತಾರೆ. ಪ್ರವಾಸಿಗರ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಏರಿದರೆ ಸುಣ್ಣಕಲ್ಲಿಗೆ ಹಾನಿಯಾಗುವುದರಿಂದ ಗುಹೆಯ ಗಾಳಿಯನ್ನು ಉಪಕರಣಗಳಿಂದ ಸತತವಾಗಿ ಅಳೆಯಲಾಗುತ್ತದೆ. 1979ರಲ್ಲಿ ಗುಹೆಯ ಗಾಳಿ ಸಂಚಾರದಲ್ಲಾದ ವ್ಯತ್ಯಾಸದಿಂದ ಹುಳುಗಳ ಬೆಳಕು ತೀರಾ ಕ್ಷೀಣಿಸಿ, ಕೆಲವು ತಿಂಗಳು ಪ್ರವೇಶವನ್ನೇ ನಿಲ್ಲಿಸಬೇಕಾಯಿತಂತೆ. ಆದಾಯ ಹೋದರೂ ಸರಿ, ಮೂಲ ಉಳಿಯಬೇಕು ಎಂಬ ಪಾಠ ಅಲ್ಲಿಂದ ಬಂದಿರಬೇಕು. ಗೇಟು, ಟಿಕೆಟ್ಟು, ಕಾವಲು, ಅಳತೆ ಎಲ್ಲವೂ ಇದ್ದರೆ ಸಂರಕ್ಷಣೆ ಸಾಧ್ಯ ಎಂಬುದಕ್ಕೆ ಆ ಗುಹೆ ಸಾಕ್ಷಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಗುಹೆಯಲ್ಲ. ಸಂಜೆ ಊಟ ಮುಗಿಸಿ, ಪೂರ್ತಿ ಕತ್ತಲಾದ ಮೇಲೆ, ಹಳ್ಳಿಯಿಂದ ಮೂರು ಕಿಲೋಮೀಟರಿನಷ್ಟು ದೂರದ ರುವಾಕುರಿ ಕಾಲುದಾರಿಗೆ ಹೋದೆವು. ಅದೊಂದು ಸಂರಕ್ಷಿತ ಕಾಡು. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ, ಗೇಟಿಗೆ ಬೀಗವಿಲ್ಲ. ಹಳ್ಳದ ಪಕ್ಕದಲ್ಲೇ ಮೆಟ್ಟಿಲು, ಮರದ ಹಲಗೆಯ ಸೇತುವೆ, ಅಲ್ಲಲ್ಲಿ ಸಣ್ಣ ಸುರಂಗ. ಒಂದು ಸುತ್ತು ಬರಲು ಮುಕ್ಕಾಲು ಗಂಟೆ. ಮಗಳು ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದಳು. ಕೆಳಗಿನ ದಾರಿಗಷ್ಟೇ ಬೆಳಕು ಬಿಡಬೇಕು, ಗೋಡೆಯತ್ತ ಹಿಡಿಯಬಾರದು, ಎಳೆಗಳನ್ನು ಮುಟ್ಟಬಾರದು, ಜೋರಾಗಿ ಮಾತನಾಡಬಾರದು ಎಂದು ಮೊದಲೇ ತಿಳಿಸಿದ್ದಳು.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ದಾರಿಯ ಬದಿಯ ಮಣ್ಣಿನ ಗೋಡೆಯಲ್ಲಿ ಒಂದು ಚುಕ್ಕಿ, ಪಕ್ಕದಲ್ಲಿ ಮತ್ತೊಂದು, ತಿರುವು ದಾಟಿದ ಮೇಲೆ ನೂರಾರು. ಜರೀಗಿಡಗಳ ಕೆಳಗೆ, ಬಂಡೆಯ ಬಿರುಕಿನಲ್ಲಿ, ಹಳ್ಳದಾಚೆಯ ದರೆಯಲ್ಲಿ ನೀಲಿ ಚುಕ್ಕಿಗಳು ಅಲುಗದೆ ನಿಂತಿದ್ದವು. ಆಗ ನಾನೊಂದು ತಪ್ಪು ಮಾಡಿದೆ. ಆ ಅಂಟಿನ ಎಳೆಗಳನ್ನು ಕಣ್ಣಾರೆ ಕಾಣುವ ಆಸೆಯಿಂದ ನನ್ನ ಮೊಬೈಲಿನ ದೀಪವನ್ನು ಗೋಡೆಗೆ ಹಿಡಿದುಬಿಟ್ಟೆ. ಎಳೆಗಳು ಕಂಡವು. ದೀಪ ಆರಿಸಿದಾಗ ಆ ಗೋಡೆಯ ಮೇಲೆ ಬೆಳಕಿರಲಿಲ್ಲ.

‘ಅಜ್ಜಾ, ಅವಕ್ಕೆ ಹಗಲಾಯ್ತು ಅನ್ಸಿರತ್ತೆ’ ಎಂದು ಮೊಮ್ಮಗ ಪಿಸುಗುಟ್ಟಿದ. ಅವು ಮತ್ತೆ ಬೆಳಗುವವರೆಗೆ ನಾವೆಲ್ಲ ಕಾದು ನಿಂತೆವು. ನಮ್ಮ ಹಿಂದೆ ಬಂದಿದ್ದ ಇಬ್ಬರು ಅಪರಿಚಿತರೂ ನನ್ನನ್ನು ಏನೂ ಅನ್ನದೆ ಕಾದರು. ಕಾಯುತ್ತಾ ನಿಂತಿದ್ದಾಗ ನನಗೆ ನೆನಪಾದದ್ದು ಮಲೆನಾಡಿನ ಒಂದು ಪಟ್ಟಣದ ಕೆರೆಯ ಏರಿ.

1990ರ ದಶಕದ ಮಧ್ಯಭಾಗದಲ್ಲಿ ನಾನು ಅಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಪುರಸಭೆಗೆ ಆಗ ಚುನಾಯಿತ ಮಂಡಳಿ ಇರಲಿಲ್ಲವಾದ್ದರಿಂದ ಅದರ ಆಡಳಿತಾಧಿಕಾರಿಯ ಹೊಣೆಯೂ ನನ್ನದೇ. ಕೆರೆ ಏರಿಯ ಮೇಲೆ ಹೆಣ್ಣುಮಕ್ಕಳ ವಸತಿನಿಲಯಕ್ಕೆ ಹೋಗುವ ದಾರಿ. ಸಂಜೆಯಾದರೆ ಅಲ್ಲಿ ನಡೆಯಲು ಭಯ. ಹನ್ನೆರಡು ಸೋಡಿಯಂ ದೀಪಗಳಿಗೆ ಮಂಜೂರಾತಿ ಕೊಟ್ಟೆ. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯಲು ಬೇಕಾದ ಬೆಳಕಿಗಿಂತ ದೊಡ್ಡ ಸಾರ್ವಜನಿಕ ಸರಕು ಯಾವುದೂ ಇಲ್ಲ.

ಪಶ್ಚಾತ್ತಾಪ ಇರುವುದು ಬೇರೊಂದು ಕಾಗದದ ಬಗ್ಗೆ. ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಎರಡು ಪುಟದ ಮನವಿ ಕೊಟ್ಟಿದ್ದರು. ಕೆರೆಯ ಕೋಡಿಯ ಬಳಿಯ ತೋಪಿನಲ್ಲಿ ಪ್ರತಿ ವರ್ಷ ಮುಂಗಾರಿಗೆ ಮುನ್ನ ಮಿಂಚುಹುಳುಗಳು ಸೇರುತ್ತವೆ, ದೀಪ ಬೇಡವೆನ್ನುತ್ತಿಲ್ಲ, ತೋಪಿನ ಕಡೆಗಿರುವ ಮೂರು ಕಂಬಗಳಿಗೆ ಮರೆ ಕಟ್ಟಿಸಿ, ಮೇ ನಡುವಿನಿಂದ ಆರು ವಾರ ಮಾತ್ರ ರಾತ್ರಿ ಒಂಬತ್ತರ ನಂತರ ಆ ಮೂರನ್ನು ಆರಿಸಿ ಎಂಬುದು ಕೋರಿಕೆ. ವಸತಿನಿಲಯದ ಬಾಗಿಲು ಎಂಟಕ್ಕೇ ಮುಚ್ಚುತ್ತದೆ ಎಂಬುದನ್ನೂ ಅವರು ಬರೆದಿದ್ದರು. ಕಚೇರಿಗೆ ಬಂದು, ‘ಒಂದು ಸಂಜೆ ಬಂದು ನೋಡಿ ಸ್ವಾಮಿ’ ಎಂದರು. ‘ನೋಡೋಣ ಮೇಷ್ಟ್ರೇ’ ಎಂದೆ. ನಮ್ಮ ಕಚೇರಿಗಳಲ್ಲಿ ‘ನೋಡೋಣ’ ಎಂದರೆ ನೋಡುವುದಿಲ್ಲ ಎಂದರ್ಥ. ಮನವಿಯ ಮೇಲೆ ‘ಪರಿಶೀಲಿಸಿದೆ, ಕಡತಕ್ಕೆ’ ಎಂದು ಷರಾ ಬರೆದೆ. ಪರಿಶೀಲಿಸಿರಲಿಲ್ಲ. ನನ್ನ ವರ್ಗಾವಣೆಯವರೆಗೂ ಒಂದು ಸಂಜೆಯಾದರೂ ಆ ತೋಪಿನ ಕಡೆ ಹೋಗಲಿಲ್ಲ.

2019ರ ಮೇ ತಿಂಗಳ ಕೊನೆಯಲ್ಲಿ ಒಂದು ಮದುವೆಗೆಂದು ಆ ಊರಿಗೆ ಹೋದವನು ರಾತ್ರಿ ಕೆರೆ ಏರಿಯ ಮೇಲೆ ನಡೆದೆ. ಸೋಡಿಯಂ ದೀಪಗಳ ಜಾಗದಲ್ಲಿ ಬೆಳ್ಳಗಿನ ಎಲ್‌ಇಡಿ ಬಂದಿತ್ತು. ತೋಪು ಅರ್ಧ ಉಳಿದಿತ್ತು. ಅರ್ಧ ಗಂಟೆ ನಿಂತರೂ ಒಂದು ಮಿಂಚುಹುಳುವೂ ಕಾಣಲಿಲ್ಲ. ಮೇಷ್ಟ್ರು ತೀರಿಕೊಂಡಿದ್ದರು. ಇದು ಮೂರು ದೀಪಗಳ ಕಾರಣದಿಂದಲೇ ಆಯಿತೆಂದು ನಾನು ಹೇಳಲಾರೆ. ಕೆರೆಯ ಅಂಚಿಗೆ ಕಾಂಕ್ರೀಟ್ ಬಂದಿದೆ, ಕೆಳಗಿನ ಗದ್ದೆಗಳಿಗೆ ಕೀಟನಾಶಕ ಬಿದ್ದಿದೆ. ಜಗತ್ತಿನ ನಾನಾ ಭಾಗದ ತಜ್ಞರ ಅಭಿಪ್ರಾಯ ಸಂಗ್ರಹಿಸಿ 2020ರಲ್ಲಿ ‘ಬಯೋಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನವೂ ಮಿಂಚುಹುಳುಗಳಿಗೆ ಇರುವ ಮುಖ್ಯ ಅಪಾಯಗಳೆಂದು ನೆಲೆಯ ನಾಶ, ಕೃತಕ ಬೆಳಕು ಮತ್ತು ಕೀಟನಾಶಕಗಳನ್ನು ಹೆಸರಿಸಿದೆ. ಈ ಮೂರರಲ್ಲಿ ಖರ್ಚಿಲ್ಲದೆ ಸರಿಪಡಿಸಬಹುದಾದದ್ದು ಬೆಳಕು ಒಂದೇ. ಸ್ವಿಚ್ ಒತ್ತಿದರೆ ಸಾಕು, ವಿದ್ಯುತ್ ಬಿಲ್ಲೂ ಇಳಿಯುತ್ತದೆ. ಅದನ್ನೂ ಮಾಡದೆ ಹೋದವನು ನಾನು.

ರುವಾಕುರಿಯಲ್ಲಿ ನನಗೆ ಹೊಳೆದ ಅರ್ಥಶಾಸ್ತ್ರ ಇಷ್ಟೆ. ಬೆಳಕನ್ನು ಒಬ್ಬನೇ ಒದಗಿಸಬಹುದು; ಅದರ ಫಲ ಎಲ್ಲರಿಗೂ ಸಿಗುತ್ತದೆ. ಕತ್ತಲೆ ಇದಕ್ಕೆ ವಿರುದ್ಧ. ಅದನ್ನು ಎಲ್ಲರೂ ಸೇರಿ ಒದಗಿಸಬೇಕು. ಒಬ್ಬ ಮನಸ್ಸು ಮಾಡಿದರೆ ಸಾಕು, ಎಲ್ಲರದೂ ಹೋಗುತ್ತದೆ. ಹಾಗಿರುವಾಗ ಟಿಕೆಟ್ಟೂ ಕಾವಲೂ ಇಲ್ಲದ ಕಾಡು ಹೇಗೆ ಉಳಿದಿದೆ? ಹಂಚಿಕೊಂಡ ಸ್ವತ್ತು ಹಾಳಾಗಿಯೇ ತೀರುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಹಾಗೇನೂ ಇಲ್ಲ, ಬಳಸುವವರೇ ನಿಯಮ ಮಾಡಿಕೊಂಡು ಪಾಲಿಸಿದ ಎಷ್ಟೋ ಉದಾಹರಣೆಗಳಿವೆ ಎಂದು 1990ರ ತಮ್ಮ ಗ್ರಂಥದಲ್ಲಿ ತೋರಿಸಿದ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ನೊಬೆಲ್ ಗೌರವ ಬಂತು. ಆ ರಾತ್ರಿ ನನ್ನೊಡನೆ ಮೌನವಾಗಿ ಕಾದ ಇಬ್ಬರು ಅಪರಿಚಿತರು ಆಸ್ಟ್ರಂ ಅವರ ಪಕ್ಷದ ಸಾಕ್ಷಿಗಳು.

ನಮ್ಮಲ್ಲೂ ಈಗ ಮಿಂಚುಹುಳು ನೋಡುವ ಪ್ರವಾಸ ಬೆಳೆಯುತ್ತಿದೆ. ಮಹಾರಾಷ್ಟ್ರದ ಭಂಡಾರದರಾ, ಪುರುಷವಾಡಿಗಳಿಗೆ ಮೇ, ಜೂನ್ ತಿಂಗಳಲ್ಲಿ ನಗರದ ಜನ ಹೋಗುತ್ತಾರೆ. ಹಳ್ಳಿಯವರಿಗೆ ನಾಲ್ಕು ಕಾಸು ಸಿಗುವುದು ಸಂತೋಷದ ವಿಷಯವೇ. ಆದರೆ ಕಾರಿನ ಹೆಡ್‌ಲೈಟು ಮತ್ತು ಮೊಬೈಲಿನ ಫ್ಲಾಶ್ ಜೊತೆಗೇ ಹೋದರೆ, ನೋಡಲು ಹೋದದ್ದನ್ನೇ ನಂದಿಸಿ ಬಂದಂತಾಗುತ್ತದೆ. ಎಷ್ಟೋ ಜಾತಿಗಳ ಹೆಣ್ಣು ಹುಳು ನೆಲದ ಮೇಲೆಯೇ ಇರುತ್ತದೆ. ದಾರಿ ಬಿಟ್ಟು ನಡೆದವರ ಕಾಲಡಿಗೆ ಅದು ಸಿಗುತ್ತದೆ.

ಕತ್ತಲೆಯನ್ನು ಕಾಯುವ ಕೆಲಸ ನಮ್ಮ ದೇಶಕ್ಕೆ ಹೊಸದಲ್ಲ. ಲಡಾಖಿನ ಹಾನ್ಲೆ ಸುತ್ತಲಿನ ಪ್ರದೇಶವನ್ನು ಖಗೋಳ ವೀಕ್ಷಣೆಗಾಗಿ 2022ರಲ್ಲಿ ‘ಕತ್ತಲ ಆಕಾಶದ ಮೀಸಲು ಪ್ರದೇಶ’ವೆಂದು ಅಧಿಸೂಚಿಸಲಾಯಿತು. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಅರಣ್ಯಕ್ಕೆ 2024ರಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ದೊರೆಯಿತು. ನಕ್ಷತ್ರಕ್ಕಾಗಿ ಮಾಡಿದ್ದನ್ನು ಹುಳುವಿಗಾಗಿ ಮಾಡಲು ಹೊಸ ಕಾನೂನೇ ಬೇಕೆಂದಿಲ್ಲ. ಮಲೆನಾಡು, ಕರಾವಳಿಯ ಪುರಸಭೆಗಳು ಮತ್ತು ಗ್ರಾಮ ಪಂಚಾಯಿತಿಗಳು ತೋಪು, ದೇವರಕಾಡು, ಕೆರೆಯಂಚುಗಳ ಬಳಿಯ ದೀಪಗಳಿಗೆ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮರೆ ಹಾಕಿಸಬಹುದು. ಕಣ್ಣು ಕೋರೈಸುವ ಬಿಳಿಯ ಬದಲು ಹಳದಿ ಬಣ್ಣದ ದೀಪ ಹಾಕಬಹುದು. ಜನಸಂಚಾರ ನಿಂತ ಮೇಲೆ ಆರು ವಾರ ಕೆಲವು ಕಂಬಗಳನ್ನು ಆರಿಸಬಹುದು. ಒಂದು ಠರಾವು ಸಾಕು.

ಊರಿಗೆ ಹಿಂದಿರುಗಿದ ಮೇಲೆ ನಾನು ಆ ಪಟ್ಟಣದ ಪುರಸಭೆಗೆ ಒಂದು ಮನವಿ ಬರೆದೆ. ಮೇಷ್ಟ್ರ ಹಳೆಯ ಕೋರಿಕೆಯನ್ನೇ ನೆನಪಿನಿಂದ ಬರೆದು, ಕೆಳಗೆ ನನ್ನ ಸಹಿ ಹಾಕಿದೆ. ಮೊದಲು ಕೇಳಿದವರು ಅವರೆಂದೂ, ತಿರಸ್ಕರಿಸಿದವನು ನಾನೆಂದೂ ನಮೂದಿಸಿದೆ. ಇದುವರೆಗೆ ಉತ್ತರ ಬಂದಿಲ್ಲ. ಅದರ ಮೇಲೂ ‘ಕಡತಕ್ಕೆ’ ಎಂಬ ಷರಾ ಬಿದ್ದಿರಲೂಬಹುದು. ಬರುವ ಮೇ ತಿಂಗಳಲ್ಲಿ ನಾನೇ ಹೋಗಿ, ಈಗಿನ ಅಧಿಕಾರಿಯನ್ನು ಒಂದು ಸಂಜೆ ತೋಪಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿ ತೋರಿಸಲು ಏನಾದರೂ ಉಳಿದಿದೆಯೇ ಎಂಬುದನ್ನು ಇಬ್ಬರೂ ಕೂಡಿಯೇ ನೋಡಬೇಕು.