ಪೀಠೋಪಕರಣದ ಕಾರ್ಖಾನೆಗೆ ಎಂತಹ ಗರಗಸ?

ಮರಗೆಲಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಡಗಿಯ ಉಳಿ, ಬಾಚಿ, ಕೀಸುಳಿಗಳು. ಆದರೆ ಕುರ್ಚಿ ಮೇಜುಗಳನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸುವ ಕಾರ್ಖಾನೆಯ ಲಾಭನಷ್ಟಗಳು ಇವುಗಳಿಂದ ನಿಶ್ಚಯವಾಗತಕ್ಕವಲ್ಲ. ದಿಮ್ಮಿಯು ಹಲಗೆಯಾಗುವ ಹೊತ್ತಿನಲ್ಲಿಯೇ ಅವು ಬಹುಮಟ್ಟಿಗೆ ನಿಶ್ಚಯವಾಗಿ ಹೋಗಿರುತ್ತವೆ.

ಹೈದರಾಲಿಯ ಹುಟ್ಟೂರೆಂದು ಪ್ರಸಿದ್ಧವಾದ ಬೂದಿಕೋಟೆಯಲ್ಲಿ ಒಬ್ಬನು ಇಂತಹ ಕಾರ್ಖಾನೆಯನ್ನು ಹೂಡಲೆಳಸುವನೆಂದು ಭಾವಿಸೋಣ. ನೆರೆಯ ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುಚ್ಛಕ್ತಿಯು ೧೯೦೨ರಲ್ಲಿಯೇ ಬಂದಿತು. ೨೦೦೧ರಲ್ಲಿ ಆ ಗಣಿಗಳು ಮುಚ್ಚಿದುವು. ಆ ಸೀಮೆಯಲ್ಲಿ ಕೂಡಿಟ್ಟ ಹಣವನ್ನೆಲ್ಲ ಒಂದೇ ಯಂತ್ರದ ಮೇಲೆ ಹಾಕುವವನಿಗೆ ಆಯ್ಕೆಯು ಆಟದ ಮಾತಲ್ಲ. ಅವನು ಅಂಗಡಿಗೆ ಹೋದೊಡನೆ ಕೇಳುವುದು, "ಇದು ಎಷ್ಟು ಅಶ್ವಶಕ್ತಿಯದು?" ಎಂದು. ಕೇಳತಕ್ಕ ಪ್ರಶ್ನೆಯೇ ಬೇರೆ: ಒಂದೊಂದು ಸೀಳಿಗೂ ಎಷ್ಟು ಮರ ಹೊಟ್ಟಾಗಿ ಹೋಗುತ್ತದೆ?

ಚಕ್ರಗರಗಸವೆಂಬುದು ಅಂಚಿಗೆ ಹಲ್ಲುಗಳುಳ್ಳ ದುಂಡನೆಯ ಉಕ್ಕಿನ ತಗಡು. ನಡುವಿನ ಅಚ್ಚೊಂದೇ ಅದಕ್ಕೆ ಆಧಾರವಾದುದರಿಂದ, ಬಳುಕದಿರಬೇಕಾದರೆ ಅದು ದಪ್ಪವಾಗಿರಲೇಬೇಕು. ದೊಡ್ಡ ದಿಮ್ಮಿಯಲ್ಲಿ ಅದು ಕೊರೆಯುವ ಹಾದಿ ೬ ಮಿಲಿಮೀಟರಿನಷ್ಟಾಗುವುದುಂಟು. ಪಟ್ಟಿಗರಗಸವಾದರೋ ಎರಡು ರಾಟೆಗಳ ಮೇಲೆ ಬಿಗಿದ, ಆದಿ ಅಂತ್ಯಗಳಿಲ್ಲದ (ವೇದಾಂತಿಗಳು ಕ್ಷಮಿಸಬೇಕು) ಉಕ್ಕಿನ ಪಟ್ಟಿ. ಬಿಗಿತವೇ ಅದನ್ನು ನೆಟ್ಟಗಿಡುವುದರಿಂದ ಅದು ತೆಳುವಾಗಿರಬಹುದು; ಅದರ ಹಾದಿ ಸುಮಾರು ೨ ಮಿಲಿಮೀಟರು. ೩೦೦ ಮಿಲಿಮೀಟರಿಗೆ ಚೌಕಮಾಡಿದ ತೊಲೆಯಿಂದ ೨೫ ಮಿಲಿಮೀಟರು ದಪ್ಪದ ಹಲಗೆಗಳನ್ನು ತೆಗೆದು ನೋಡಿ. ಚಕ್ರದಿಂದ ೯ ದೊರೆತರೆ ಪಟ್ಟಿಯಿಂದ ೧೧ ದೊರೆಯುತ್ತವೆ. ಆ ಎರಡು ಹಲಗೆಗಳು ಪ್ರತಿಯೊಂದು ತೊಲೆಯಲ್ಲಿಯೂ ಉಳಿಯುವ ಗಂಟು.

ಹಾಗಾದರೆ ಎಲ್ಲರೂ ಪಟ್ಟಿಯನ್ನೇ ಏಕೆ ಕೊಳ್ಳಬಾರದು? ಲಂಡನ್ನಿನ ವಿಲಿಯಂ ನ್ಯೂಬೆರಿಯು ೧೮೦೮ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದನು. ಆದರೆ ಪಟ್ಟಿಯ ಬೆಸುಗೆ ನಿಲ್ಲದೆ ದಶಕಗಳವರೆಗೆ ಯಂತ್ರವು ಬಳಕೆಗೆ ಬರಲಿಲ್ಲ. ಇಂದಿಗೂ ಅದರ ಪ್ರಾಣವಿರುವುದು ಬೆಸುಗೆಯಲ್ಲಿ ಮತ್ತು ಸಾಣೆಯಲ್ಲಿ. ಮೊಂಡಾದ ಪಟ್ಟಿಯು ಮರದೊಳಗೆ ದಾರಿತಪ್ಪಿ ಅಲೆಯುತ್ತದೆ. ಹಲಗೆ ಒಂದು ಕೊನೆಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಸಾಣೆ ಬಲ್ಲ ಕೆಲಸಗಾರನು ಸಮೀಪದಲ್ಲಿಲ್ಲದಿದ್ದರೆ ಈ ಯಂತ್ರವನ್ನು ಕೊಳ್ಳದಿರುವುದೇ ಲೇಸು.

ಇನ್ನು ಮರದ ಸಂಗತಿ. ಕೋಲಾರದ ಕಡೆ ಸುಲಭವಾಗಿ ದೊರೆಯುವುದು ತೇಗವಲ್ಲ. ನೀಲಗಿರಿ, ಮುದಿಮಾವು, ಹುಣಿಸೆ, ಬೇವು. ಹುಣಿಸೆಯ ಚೇಗು ಹಲ್ಲನ್ನು ಬೇಗನೆ ಮೊಂಡುಮಾಡುತ್ತದೆ. ಮಾವನ್ನು ಕಡಿದೊಡನೆ ಕೊಯ್ದು ಒಣಗಿಸದಿದ್ದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಎಲ್ಲಕ್ಕಿಂತ ಹಟಮಾರಿ ನೀಲಗಿರಿ. ಬೆಳೆಯುವಾಗ ಅದರ ಹೊರಪದರಗಳು ಎಳೆತದಲ್ಲಿಯೂ ತಿರುಳು ಒತ್ತಡದಲ್ಲಿಯೂ ಇರುತ್ತವೆ. ಗರಗಸ ತಾಗಿದೊಡನೆ ಆ ಬಿಗಿತ ಸಡಿಲಿ ಹಲಗೆಯು ಬಿಲ್ಲಿನಂತೆ ಬಾಗುತ್ತದೆ, ಕೊನೆಗಳು ಸೀಳುತ್ತವೆ. ಇದನ್ನು ಒಂದೇ ಮಗ್ಗುಲಿನಿಂದ ಕೊಯ್ಯುತ್ತ ಹೋಗಬಾರದು. ಈ ಬದಿಯಿಂದೊಂದು, ಎದುರು ಬದಿಯಿಂದೊಂದು ಎಂದು ಸಮವಾಗಿ ತೆಗೆಯಬೇಕು. ಆದುದರಿಂದ ದಿಮ್ಮಿಯನ್ನು ಬೇಗ ಹೊರಳಿಸಿ ಭದ್ರವಾಗಿ ಹಿಡಿಯಬಲ್ಲ ಬಂಡಿಯುಳ್ಳ ಯಂತ್ರವೇ ಇಲ್ಲಿ ಬೇಕಾದುದು. ಹೆಚ್ಚಿನ ಅಶ್ವಶಕ್ತಿಯು ಬಾಗಿದ ಹಲಗೆಯನ್ನು ನೆಟ್ಟಗೆ ಮಾಡಲಾರದು.

ಒಣಗಿದ ಹಲಗೆಯನ್ನು ಅಳತೆಗೆ ಕತ್ತರಿಸಲು ಮಾತ್ರ ಮೇಜಿನ ಚಕ್ರಗರಗಸಕ್ಕೆ ಸಮನಾದುದಿಲ್ಲ. ೪೦೦ ಮಿಲಿಮೀಟರಿನ ಚಕ್ರವು ನಿಮಿಷಕ್ಕೆ ೩೦೦೦ ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ ೬೦ ಮೀಟರನ್ನು ಮೀರುತ್ತದೆ. ಸೀಳು ಕೂಡಿಕೊಂಡು ಚಕ್ರವನ್ನು ಕಚ್ಚಿತೆಂದರೆ ಹಲಗೆಯು ಕೆಲಸಗಾರನ ಹೊಟ್ಟೆಗೆ ಹಾರಿ ಬಡಿಯುತ್ತದೆ. ಇದನ್ನು ತಡೆಯಲು ಚಕ್ರದ ಬೆನ್ನಿಗೆ ಬೆಣೆಯಂತಹ ಒಂದು ಉಕ್ಕಿನ ಅಲಗಿರುತ್ತದೆ. ಅದನ್ನು ಕಳಚಿಟ್ಟು ಯಂತ್ರವನ್ನು ತೋರಿಸುವ ವ್ಯಾಪಾರಿಯಿಂದ ಏನನ್ನೂ ಕೊಳ್ಳಬಾರದೆಂಬುದು ನನ್ನ ಖಂಡಿತ ಅಭಿಪ್ರಾಯ. ಹೊಟ್ಟನ್ನು ಹೀರುವ ಕೊಳವೆಯೂ ಅಲಂಕಾರವಲ್ಲ. ಮರದ ಹುಡಿಯು ಮೂಗಿನ ಅರ್ಬುದಕ್ಕೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆಯು ೧೯೯೫ರಲ್ಲಿಯೇ ಪ್ರಕಟಿಸಿದೆ.

ಕಾನೂನಿನ ತೊಡಕೂ ಒಂದುಂಟು. ಸರ್ವೋಚ್ಚ ನ್ಯಾಯಾಲಯವು ೧೯೯೬ರ ಡಿಸೆಂಬರಿನಲ್ಲಿ ಗೋದಾವರ್ಮನ್ ಮೊಕದ್ದಮೆಯಲ್ಲಿ ಕೊಟ್ಟ ಆಜ್ಞೆಯ ತರುವಾಯ ಸಾಮಿಲ್ಲುಗಳ ಮೇಲೆ ಹಿಡಿತ ಬಿಗಿಯಾಗಿದೆ. ಅರಣ್ಯ ಇಲಾಖೆಯ ಪರವಾನಗಿಯನ್ನು ವಿಚಾರಿಸದೆ ದಿಮ್ಮಿ ಕೊಯ್ಯುವ ಯಂತ್ರಕ್ಕೆ ಮುಂಗಡ ಕೊಡಬಾರದು. ಮೊದಮೊದಲು ಪರವಾನಗಿಯುಳ್ಳ ಮಿಲ್ಲಿನಲ್ಲಿ ಕೂಲಿಗೆ ಕೊಯ್ಯಿಸಿ, ಕಾರ್ಖಾನೆಯಲ್ಲಿ ಮೇಜಿನ ಗರಗಸವೊಂದನ್ನೇ ಇಟ್ಟುಕೊಳ್ಳುವುದು ಅನೇಕರಿಗೆ ಹಿತವಾದ ಮಾರ್ಗ.

ಪಟ್ಟಿಯ ಯಂತ್ರವನ್ನೇ ಕೊಳ್ಳುವುದೆಂದಾದರೆ, ವ್ಯಾಪಾರಿಯು ಆರಿಸಿಟ್ಟ ಸಾಧುಮರವನ್ನು ಕೊಯ್ದು ತೋರಿಸಿದರೆ ಒಪ್ಪಬೇಡಿ. ನಿಮ್ಮ ಊರಿನ ನೀಲಗಿರಿಯ ದಿಮ್ಮಿಯೊಂದನ್ನು ಗಾಡಿಯ ಮೇಲೆ ಹೇರಿಕೊಂಡು ಹೋಗಿ, ಕಣ್ಣೆದುರಿಗೆ ಕೊಯ್ಯಿಸಿ, ಹಲಗೆಗಳನ್ನು ಎಣಿಸಿ, ಪ್ರತಿಯೊಂದರ ದಪ್ಪವನ್ನೂ ಎರಡು ಕೊನೆಗಳಲ್ಲಿ ಅಳೆದು ನೋಡಿ.