ಹಾವು ನಿಜ, ಊರು ಸುಳ್ಳು

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಊರಿನಿಂದ ನನ್ನ ತಮ್ಮ ಫೋನಿಗೆ ಒಂದು ಚಿತ್ರ ಕಳಿಸಿದ. ಜೌಗು ನೆಲದಲ್ಲಿ ದೊಡ್ಡ ಹೆಬ್ಬಾವೊಂದು ಸತ್ತು ಬಿದ್ದಿದೆ. ಅದರ ಹೊಟ್ಟೆ ಒಡೆದು, ಒಳಗಿನಿಂದ ಮೊಸಳೆಯ ಬಾಲ ಹೊರಗೆ ಬಂದಿದೆ. ಹಾವಿನ ತಲೆಯೇ ಕಾಣುವುದಿಲ್ಲ. ಕೆಳಗೆ ಹೀಗೆ ಬರೆದಿತ್ತು: ‘ಕಬಿನಿ ಹಿನ್ನೀರಿನಲ್ಲಿ ನಿನ್ನೆ ಸಿಕ್ಕಿದ್ದು. ಮಕ್ಕಳನ್ನು ಹೊರಗೆ ಬಿಡಬೇಡಿ.’

ಹಿಂದೆಯೇ ತಮ್ಮನ ಫೋನ್ ಬಂತು. ‘ಅಣ್ಣ, ನಮ್ಮ ತೋಟದ ಬಸಿಗಾಲುವೆಯಲ್ಲೂ ಒಂದು ಹೆಬ್ಬಾವು ಮಲಗಿದೆ. ಹದಿನೈದು ಅಡಿ ಇರಬಹುದು. ಆಳುಗಳು ಆ ಚಿತ್ರ ನೋಡಿಬಿಟ್ಟಿದ್ದಾರೆ. ದೊಣ್ಣೆ ಹಿಡಿದು ನಿಂತಿದ್ದಾರೆ.’

‘ಮುಟ್ಟಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡು. ಆ ಚಿತ್ರ ಸುಳ್ಳು ಅಂತ ಹೇಳು’ ಎಂದೆ.

ಪಕ್ಕದಲ್ಲಿ ಕುಳಿತು ದೋಸೆ ತಿನ್ನುತ್ತಿದ್ದ ಮೊಮ್ಮಗಳು, ಏಳನೇ ಕ್ಲಾಸು, ತಲೆ ಎತ್ತಿದಳು. ‘ಸುಳ್ಳು ಅಂತ ನಿನಗೆ ಹೇಗೆ ಗೊತ್ತು ಅಜ್ಜ?’

ಉತ್ತರ ಇರಲಿಲ್ಲ. ನೋಡಿದರೆ ಸುಳ್ಳು ಅನ್ನಿಸಿತು, ಅಷ್ಟೇ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಾರು ವರ್ಷ ಕುಳಿತವನು ಹಾಗೆ ಹೇಳಬಾರದಿತ್ತು. ಸಹಿ ಸೊಟ್ಟಗಿದೆ ಎಂದು ಚೆಕ್ಕನ್ನು ವಾಪಸು ಕಳಿಸುವಂತಿಲ್ಲ, ಮುದ್ದಾಗಿದೆ ಎಂದು ಪಾಸು ಮಾಡುವಂತೆಯೂ ಇಲ್ಲ. ಖಾತೆದಾರರ ಮಾದರಿ ಸಹಿಯ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ನೋಡಬೇಕು. ಈ ಚಿತ್ರದ ಕಾರ್ಡು ಎಲ್ಲಿದೆ ಎಂದು ಇಬ್ಬರೂ ಹುಡುಕಲು ಕುಳಿತೆವು.

ಹತ್ತು ನಿಮಿಷದಲ್ಲಿ ನನ್ನ ಮುಖ ಸಣ್ಣದಾಯಿತು. ಚಿತ್ರ ನಿಜ!

ಅದು ಅಮೆರಿಕದ ಫ್ಲಾರಿಡಾದ್ದು. ಅಲ್ಲಿನ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ 2005ರ ಸೆಪ್ಟೆಂಬರಿನಲ್ಲಿ ಹೆಲಿಕಾಪ್ಟರ್ ಪೈಲಟ್ ಒಬ್ಬರು ಕಂಡು ತೆಗೆದ ಚಿತ್ರ. ಹಾವು ಸುಮಾರು 13 ಅಡಿ, ಒಳಗಿದ್ದ ಅಲಿಗೇಟರ್ ಸುಮಾರು 6 ಅಡಿ. ಅಲಿಗೇಟರ್ ಎಂದರೆ ಮೊಸಳೆಯ ದಾಯಾದಿ. ನಮ್ಮ ದೇಶದ ಕಾಡಿನಲ್ಲಿಲ್ಲ. ತಲೆಯಿಲ್ಲದ್ದನ್ನು ನೋಡಿ ನಾನು ಕತ್ತರಿ ಕೆಲಸ ಅಂದುಕೊಂಡಿದ್ದೆ. ಆದರೆ ಸಿಕ್ಕ ಕಳೇಬರಕ್ಕೇ ತಲೆ ಇರಲಿಲ್ಲ. ಹೊಟ್ಟೆ ಒಡೆದದ್ದು ಹೇಗೆ ಎಂಬ ಬಗ್ಗೆ ತಿಳಿದವರಲ್ಲೇ ಭಿನ್ನಾಭಿಪ್ರಾಯವಿತ್ತು. ನುಂಗಿದ್ದರಲ್ಲಿ ಮಾತ್ರ ಅನುಮಾನವಿಲ್ಲ. ಹೆಬ್ಬಾವಿನ ಕೆಳದವಡೆ ಎರಡು ತುಂಡು. ಗಲ್ಲದ ಬಳಿ ಮೂಳೆ ಕೂಡಿಕೊಂಡಿಲ್ಲ, ರಬ್ಬರಿನಂತೆ ಹಿಗ್ಗುವ ಕಟ್ಟು ಮಾತ್ರ ಇದೆ. ಅದಕ್ಕೇ ತನ್ನ ತಲೆಗಿಂತ ದಪ್ಪನೆಯದನ್ನೂ ನುಂಗುತ್ತದೆ.

ಇನ್ನೂ ಒಂದು ವಿಷಯ. ಅದು ಬರ್ಮಾ ಹೆಬ್ಬಾವು, ಆ ನಾಡಿನದೇ ಅಲ್ಲ. ಸಾಕಲು ತಂದವರು ಮರಿ ದೊಡ್ಡದಾದ ಮೇಲೆ ಭಯಪಟ್ಟು ಜೌಗಿನಲ್ಲಿ ಬಿಟ್ಟರು, ಅಲ್ಲಿ ಸಂಸಾರ ಬೆಳೆಯಿತು. ಬೆಕ್ಕಿನ ಮರಿಯನ್ನು ಗೋಣಿಚೀಲದಲ್ಲಿ ಹಾಕಿ ಪಕ್ಕದ ಊರಿಗೆ ಬಿಟ್ಟು ಬರುವವರು ನಮ್ಮಲ್ಲೂ ಇದ್ದಾರಲ್ಲ, ಹಾಗೆ.

ತಕ್ಷಣ ತಮ್ಮನಿಗೆ ಫೋನ್ ಮಾಡಿದೆ. ‘ನಾನು ಹೇಳಿದ್ದು ತಪ್ಪು ಮಾರಾಯ. ಚಿತ್ರ ನಿಜ, ಆದರೆ ಊರು ಸುಳ್ಳು. ಆಳುಗಳಿಗೆ ಹಾಗೇ ಹೇಳು. ನಿನ್ನ ತೋಟದ ಹಾವು ಬೇರೆ ಜಾತಿ. ಇಲಿ, ಹೆಗ್ಗಣ ಹಿಡಿಯುವಂಥದ್ದು. 1972ರ ಕಾಯಿದೆಯಲ್ಲಿ ಮೊದಲ ಪಟ್ಟಿಯಲ್ಲೇ ಇದೆ, ಹೊಡೆದರೆ ಜೈಲು. ಅಂದಹಾಗೆ ಹದಿನೈದು ಅಡಿ ಅಂತ ಅಳೆದೆಯಾ?’

‘ಯಾರು ಅಳೀತಾರೆ ಅಣ್ಣ!’

ಇಲಾಖೆಯವರು ಬರಲು ಎರಡು ಗಂಟೆ ಬೇಕಂತೆ. ಅಷ್ಟರಲ್ಲಿ ಮೊಮ್ಮಗಳು ಇನ್ನೊಂದು ಚಿತ್ರ ಹುಡುಕಿದ್ದಳು. 1959, ಆಫ್ರಿಕದ ಬೆಲ್ಜಿಯನ್ ಕಾಂಗೋ. ರೆಮಿ ವಾನ್ ಲಿಯರ್ಡೆ ಎಂಬ ಬೆಲ್ಜಿಯಂನ ವಾಯುಪಡೆ ಅಧಿಕಾರಿ ಕಟಾಂಗಾ ಪ್ರಾಂತದ ಮೇಲೆ ಹೆಲಿಕಾಪ್ಟರಿನಲ್ಲಿ ಬರುವಾಗ ಕೆಳಗೆ ಭಾರೀ ಹಾವು ಕಂಡಿತಂತೆ. ಜೊತೆಯಲ್ಲಿದ್ದವರು ಫೋಟೋ ತೆಗೆದರು. ಉದ್ದ ಸುಮಾರು 50 ಅಡಿ ಎಂದು ಆತನ ಅಂದಾಜು. ಕಪ್ಪು ಬಿಳುಪಿನ ಚಿತ್ರ, ಪೊದೆಗಳ ನಡುವೆ ಹಾವು ಬಳುಕಿಕೊಂಡು ಮಲಗಿದೆ. ನೋಡಲು ಇದೇ ಹೆಚ್ಚು ನಿಜ ಅನ್ನಿಸುತ್ತದೆ.

‘ಅವರು ಯುದ್ಧದಲ್ಲಿ ಹೆಸರು ಮಾಡಿದ ಪೈಲಟ್ ಅಜ್ಜ. ಜರ್ಮನರ ಹಾರುವ ಬಾಂಬುಗಳನ್ನು ನಲವತ್ತಕ್ಕಿಂತ ಹೆಚ್ಚು ಹೊಡೆದಿದ್ದಾರೆ. ಅಂಥವರು ಸುಳ್ಳು ಹೇಳ್ತಾರಾ?’

‘ಸುಳ್ಳು ಅನ್ನಲಿಲ್ಲ ಪುಟ್ಟಿ. ನಮ್ಮ ಬ್ಯಾಂಕಿಗೆ ಬಹಳ ಪ್ರಾಮಾಣಿಕರು ಬರುತ್ತಿದ್ದರು. ಅವರ ನೋಟಿನ ಕಟ್ಟನ್ನೂ ನಾನು ಎಣಿಸಿಯೇ ತೆಗೆದುಕೊಳ್ಳುತ್ತಿದ್ದೆ. ಆ ಪೊದೆಗಳು ಎಷ್ಟೆತ್ತರ, ಹೇಳು?’

ಅವಳು ಚಿತ್ರವನ್ನು ಹಿಗ್ಗಿಸಿ ನೋಡಿದಳು. ಪೊದೆ ಆಳೆತ್ತರದ್ದಾದರೆ ಹಾವು ರಾಕ್ಷಸ. ಮೊಳಕಾಲಿನಷ್ಟಿದ್ದರೆ ಸಾಧಾರಣ ಹೆಬ್ಬಾವು. ಎವರ್‌ಗ್ಲೇಡ್ಸ್‌ನಲ್ಲಿ ಕಳೇಬರವಿತ್ತು, ಕಾಂಗೋದಲ್ಲಿ ಕೆಳಗಿಳಿದು ಪೊದೆಗೆ ಕೋಲು ಹಿಡಿದವರಿಲ್ಲ. ಚರ್ಚೆ ಇಂದಿಗೂ ಮುಗಿದಿಲ್ಲ. ನಾನಾದರೆ ಆ ಚೆಕ್ಕು ಪಾಸು ಮಾಡುವುದಿಲ್ಲ. ಕಾರಣವಿದೆ. 30 ಅಡಿಯ ಜೀವಂತ ಹಾವು ತಂದುಕೊಟ್ಟವರಿಗೆ ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದ ಸಂಸ್ಥೆ ಬಹುಮಾನವಿಟ್ಟಿತ್ತು. ಮೊತ್ತ ಬೆಳೆಯುತ್ತ 50,000 ಡಾಲರ್ ಮುಟ್ಟಿದರೂ ಯಾರಿಗೂ ಸಿಗಲಿಲ್ಲ. 2011ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅಳೆದ ಮೆಡೂಸಾ ಎಂಬ ಸಾಕಿದ ಹೆಬ್ಬಾವು ಗಿನ್ನೆಸ್ ದಾಖಲೆ ಸೇರಿತು. ಅದರ ಉದ್ದವೂ 7.67 ಮೀಟರ್, ಅಂದರೆ ಸುಮಾರು 25 ಅಡಿ.

ಮೊಮ್ಮಗಳಿಗೆ ಒಪ್ಪಿಗೆಯಾಗಲಿಲ್ಲ. ಅಡುಗೆಮನೆಗೆ ಹೋಗಿ ಪಡವಲಕಾಯಿ ತಂದಳು. ನನ್ನನ್ನು ಹಿತ್ತಲಿನ ತುದಿಗೆ ನಿಲ್ಲಿಸಿ, ಕಾಯಿಯನ್ನು ಫೋನಿನ ಹತ್ತಿರ ತೂಗಿಹಿಡಿದು ಫೋಟೋ ತೆಗೆದಳು. ಪಡವಲಕಾಯಿ ತೆಂಗಿನ ಮರದಷ್ಟು, ಪಕ್ಕದಲ್ಲಿ ಅಜ್ಜ ಬೆರಳುದ್ದ! ಕತ್ತರಿಯಿಲ್ಲ, ಕಂಪ್ಯೂಟರಿಲ್ಲ, ಕ್ಯಾಮೆರಾಗೆ ಯಾವುದು ಹತ್ತಿರವೋ ಅದು ದೊಡ್ಡದು. ಮೀನು ಹಿಡಿದವರು ಕೈ ಚಾಚಿ ಫೋಟೋ ತೆಗೆಸಿಕೊಳ್ಳುವುದೂ ಇದಕ್ಕೇ. ಮಕ್ಕಳೇ, ನೀವೂ ಮಾಡಿ ನೋಡಿ, ಆದರೆ ಪಲ್ಯಕ್ಕೆ ತಂದ ಕಾಯಿ ಬೇಡ. ಅಜ್ಜಿ ಹುಡುಕಿಕೊಂಡು ಹಿತ್ತಲಿಗೇ ಬಂದಳು.

ಸಂಜೆ ತಮ್ಮ ಫೋನ್ ಮಾಡಿದ. ಆಳುಗಳು ಗೊಣಗಿದರೂ ಕಾದರಂತೆ. ಇಲಾಖೆಯವರು ಬಂದು ಹಾವನ್ನು ಚೀಲಕ್ಕೆ ಇಳಿಸಿ, ಕಾಡಿಗೆ ಬಿಡಲು ಒಯ್ದರು.

‘ಚೀಲಕ್ಕೆ ಹಾಕುವ ಮೊದಲು ಟೇಪು ಹಿಡಿಸಿದೆ ಅಣ್ಣ’ ಎಂದ, ಸ್ವಲ್ಪ ಮೆಲ್ಲಗೆ.

‘ಎಷ್ಟು?’

‘ಏಳೂವರೆ ಅಡಿ.’