ತಿರುವಿನಲ್ಲಿ ಮಾತು ಕೇಳದ ಬೈಕ್, ಟೇಪ್ ಹಿಡಿದು ಕಲಿತ ಪಾಠ

ಉಜಿರೆಯ ಅತ್ತೆ ಮನೆಯಿಂದ ವಾಪಸ್ ಬರುವಾಗ ನಮ್ಮ ಬೈಕ್ ಯಾವತ್ತೂ ಖಾಲಿ ಬರಲ್ಲ. ಆವತ್ತೂ ಅಷ್ಟೇ. ಎರಡೂ ಬದಿಯ ಬ್ಯಾಗ್ ತುಂಬ ಸುಲಿದ ತೆಂಗಿನಕಾಯಿ, ಹಲಸಿನ ಹಪ್ಪಳ, ಒಂದು ದೊಡ್ಡ ಬಾಟಲಿ ಮಿಡಿ ಉಪ್ಪಿನಕಾಯಿ. ಹಿಂದಿನ ಸೀಟಿನಲ್ಲಿ ಹೆಂಡತಿ. ಬೆಳಗ್ಗೆ ಎಂಟಕ್ಕೆ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮಂಜು ಆಗಷ್ಟೇ ಕರಗುತ್ತಿತ್ತು, ರಸ್ತೆ ಒಣಗಿತ್ತು, ಸ್ಪೀಡ್ 35 ಕೂಡ ಇರಲಿಲ್ಲ.

ಒಂದು ಎಡ ತಿರುವಿನಲ್ಲಿ ಬೈಕ್ ವಾಲಿಸಿದೆ. ಫುಟ್‌ಪೆಗ್ ರಸ್ತೆಗೆ ಉಜ್ಜಿ ‘ಕರ್ರ್’ ಅಂತ ಸದ್ದಾಯಿತು. ಬೆಚ್ಚಿ ಸ್ವಲ್ಪ ನೆಟ್ಟಗೆ ಮಾಡಿದೆ. ಅಷ್ಟೇ, ಬೈಕ್ ನನ್ನ ಮಾತು ಕೇಳುವುದು ಬಿಟ್ಟು ಹೊರಗೆ ಹೊರಗೆ ಹೋಗಿ ನಡುಗೆರೆ ದಾಟಿತು. ಎದುರಿಗೆ ಇಳಿದು ಬರುತ್ತಿದ್ದ ಕೆಂಪು ಬಸ್. ಪುಣ್ಯಕ್ಕೆ ಡ್ರೈವರ್ ಮೊದಲೇ ನೋಡಿ ನಿಲ್ಲಿಸಿದ್ದರು. ಬಸ್ಸಿಗೂ ನಮಗೂ ಹೆಚ್ಚೆಂದರೆ ಒಂದು ಮಾರು ಅಂತರ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಅವಳು ಒಂದೇ ಮಾತು ಹೇಳಿದ್ದು: “ಮುಂದಿನ ಸಲ ನಾನು ಬಸ್ಸಲ್ಲೇ ಬರ್ತೀನಿ.” ಕೋಪದಲ್ಲಿ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಶಾಂತವಾಗಿ ಹೇಳಿದ್ದಳು.

ದುಡ್ಡು ಕೊಟ್ಟು ತಂದ ತಪ್ಪು

ಬೆಂಗಳೂರಿಗೆ ಬಂದವನೇ ನಮ್ಮಂಥವರು ಮಾಡುವುದನ್ನೇ ಮಾಡಿದೆ. ರಾತ್ರಿಯೆಲ್ಲ ವಿಡಿಯೋ ನೋಡಿ, ಗ್ಯಾಸ್ ತುಂಬಿದ ದುಬಾರಿ ಶಾಕ್ ಅಬ್ಸಾರ್ಬರ್ ಜೋಡಿ ಆರ್ಡರ್ ಮಾಡಿದೆ. ಬೆಲೆ ಹೆಂಡತಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ (ಈ ಲೇಖನ ಓದಿದರೆ ಕೇಳ್ತಾಳೆ). ಹಿಂಬದಿ ಕುಸಿದಿದ್ದಕ್ಕೇ ತಾನೇ ಪೆಗ್ ಉಜ್ಜಿದ್ದು? ಹಾಗಾದರೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಪ್ರೀಲೋಡ್ ಅನ್ನು ಕೊನೆಯ ಹಲ್ಲಿನವರೆಗೂ ತಿರುಗಿಸಿದೆ.

ಭಾನುವಾರ ಒಬ್ಬನೇ ನಂದಿ ಬೆಟ್ಟಕ್ಕೆ ಹೋದೆ. ಮೊದಲಿಗಿಂತ ಕೆಟ್ಟದಾಗಿತ್ತು! ತಿರುವಿನಲ್ಲಿ ಸಣ್ಣ ಉಬ್ಬು ಸಿಕ್ಕರೂ ಹಿಂದಿನ ಚಕ್ರ ಕುದುರೆಯ ಹಾಗೆ ಎಗರುತ್ತಿತ್ತು.

ಕೊನೆಗೆ ಗೆಳೆಯನೊಬ್ಬ ಜೆ.ಸಿ. ರಸ್ತೆಯ ಹತ್ತಿರದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಕರೆದುಕೊಂಡು ಹೋದ. ಅವರು ನನ್ನ ಹೊಳೆಯುವ ಶಾಕ್‌ಗಳ ಕಡೆ ನೋಡಲೇ ಇಲ್ಲ. “ನಿಮ್ಮ ತೂಕ ಎಷ್ಟು? ಮೇಡಂದು? ಲಗೇಜು?” ಅಂತ ಕೇಳಿದರು. ಆಮೇಲೆ ಜೇಬಿನಿಂದ ಟೈಲರ್ ಟೇಪ್ ತೆಗೆದರು.

ಸ್ಯಾಗ್ ಅಂದರೆ ಇಷ್ಟೇ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಗಾಳಿಯಲ್ಲಿ ತೂಗುವಾಗ ಹಿಂದಿನ ಆಕ್ಸಲ್‌ನಿಂದ ನೇರ ಮೇಲಿರುವ ಒಂದು ಬೋಲ್ಟಿನವರೆಗೆ ಅಳೆದರು. ಆಮೇಲೆ ಬೈಕನ್ನು ಕೆಳಗಿಳಿಸಿ, ನನ್ನನ್ನು ಹೆಲ್ಮೆಟ್ ಸಮೇತ ಕೂರಿಸಿ, ಒಬ್ಬ ಹುಡುಗ ಹಿಡಿದುಕೊಂಡಿರುವಾಗ ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆದರು. ಎರಡು ಅಳತೆಗಳ ವ್ಯತ್ಯಾಸವೇ ಸ್ಯಾಗ್. ಅಂದರೆ ನಮ್ಮ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕೂರುತ್ತೆ ಅನ್ನೋ ಲೆಕ್ಕ. ರಸ್ತೆ ಬೈಕ್‌ಗಳಲ್ಲಿ ಇದು ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇದ್ದರೆ ಚೆನ್ನ.

ನನ್ನ ಬೈಕಿನ ಹಿಂದಿನ ಚಕ್ರದ ಚಲನೆ ಸುಮಾರು 100 ಮಿ.ಮೀ. ಒಬ್ಬನೇ ಕೂತಾಗ ಬಂದ ಸ್ಯಾಗ್ 11 ಮಿ.ಮೀ. ಮಾತ್ರ. “ಚಕ್ರ ಮೇಲೆ ಹೋಗೋದಷ್ಟೇ ಅಲ್ಲ ಸಾರ್, ಗುಂಡಿ ಬಂದಾಗ ಕೆಳಗೂ ಇಳೀಬೇಕು. ಇಳಿಯೋಕೆ ಜಾಗಾನೇ ಬಿಟ್ಟಿಲ್ಲ ನೀವು. ಅದಕ್ಕೇ ಗಾಳೀಲಿ ಹೋಗ್ತಿದೆ” ಅಂದರು. ಸಸ್ಪೆನ್ಷನ್ ಇರೋದು ಸೊಂಟಕ್ಕೆ ಸುಖ ಕೊಡೋಕೆ ಅಂತ ನಾನು ಅಂದುಕೊಂಡಿದ್ದೆ. ಅದರ ಮೊದಲ ಕೆಲಸ ಟಯರನ್ನು ರಸ್ತೆಗೆ ಅಂಟಿಸಿಡುವುದು. ಗಾಳಿಯಲ್ಲಿರೋ ಟಯರಿಗೆ ಹಿಡಿತ ಎಲ್ಲಿಂದ ಬರಬೇಕು?

ಕುತೂಹಲಕ್ಕೆ ಹಳೆಯ ಶಾಕ್‌ಗಳನ್ನೂ ಮತ್ತೆ ಹಾಕಿಸಿ, ಹೆಂಡತಿ ಮತ್ತು ಅಷ್ಟೇ ತೂಕದ ಲಗೇಜಿನ ಜೊತೆ ಅಳೆದೆವು. 58 ಮಿ.ಮೀ.! ಅರ್ಧಕ್ಕಿಂತ ಹೆಚ್ಚು ಚಲನೆ ಬೈಕ್ ಹೊರಡುವ ಮೊದಲೇ ಮುಗಿದಿತ್ತು. ಚಾರ್ಮಾಡಿಯಲ್ಲಿ ಆಗಿದ್ದು ಆಗ ಅರ್ಥವಾಯಿತು. ಹಿಂಬದಿ ಕುಸಿದರೆ ಮುಂಬದಿ ಎತ್ತರವಾಗುತ್ತೆ. ಫೋರ್ಕ್ ಇನ್ನಷ್ಟು ಓರೆಯಾಗಿ ಬೈಕ್ ತಿರುಗಲು ಸೋಮಾರಿಯಾಗುತ್ತೆ. ಏರುದಾರಿಯಲ್ಲಿ ಭಾರ ಇನ್ನೂ ಹಿಂದಕ್ಕೆ ಸರಿದು ಮುಂದಿನ ಟಯರ್ ಹಗುರಾಗುತ್ತೆ. ಜೊತೆಗೆ ಪೆಗ್ ನೆಲಕ್ಕೆ ಹತ್ತಿರ. ಪಾಪ, ಬೈಕ್ ತಪ್ಪು ಮಾಡಿರಲಿಲ್ಲ. ಶೋರೂಮಿನಿಂದ ಬಂದ ಸೆಟ್ಟಿಂಗನ್ನು ನಾಲ್ಕು ವರ್ಷ ನಾನು ಮುಟ್ಟಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟುಕೊಂಡರೆ ಬೈಯ್ಯೋನು ನಾನೇ.

ಸ್ಪ್ರಿಂಗು, ಆಯಿಲ್ಲು

ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳಬೇಕು. ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗಲ್ಲ. ಬೈಕ್ ಯಾವ ಎತ್ತರದಲ್ಲಿ ನಿಲ್ಲುತ್ತೆ ಅನ್ನೋದು ಮಾತ್ರ ಬದಲಾಗುತ್ತೆ. ಪ್ರೀಲೋಡ್ ಕೊನೆಯ ಹಲ್ಲಿಗೆ ಹಾಕಿದರೂ ಬೈಕ್ ಕುಸಿಯುತ್ತಿದೆ ಅಂದರೆ ಮಾತ್ರ ಗಟ್ಟಿ ಸ್ಪ್ರಿಂಗ್ ಬೇಕು.

ಸ್ಪ್ರಿಂಗ್ ಒತ್ತಿಸಿಕೊಂಡ ಶಕ್ತಿಯನ್ನು ವಾಪಸ್ ಕೊಟ್ಟೇ ಕೊಡುತ್ತೆ. ಅದನ್ನು ಹದದಲ್ಲಿಡೋದು ಡ್ಯಾಂಪಿಂಗ್, ಅಂದರೆ ಸಣ್ಣ ರಂಧ್ರಗಳ ಮೂಲಕ ಹರಿಯುವ ಆಯಿಲ್. ಎಂಜಿನಿಯರಿಂಗ್ ಮ್ಯಾಥ್ಸ್‌ನಲ್ಲಿ ಸ್ಪ್ರಿಂಗ್-ಮಾಸ್-ಡ್ಯಾಂಪರ್ ಸಮೀಕರಣ ಬಿಡಿಸಿ ಮಾರ್ಕ್ಸ್ ತಗೊಂಡಿದ್ದೆ. ಅದು ನನ್ನ ಬೈಕಿನೊಳಗೇ ಇದೆ ಅಂತ ಹೊಳೆದಿರಲಿಲ್ಲ! ರಿಬೌಂಡ್ ಕಡಿಮೆಯಾದರೆ ಬೈಕ್ ದೋಣಿಯ ಹಾಗೆ ತೂಗುತ್ತೆ. ಜಾಸ್ತಿಯಾದರೆ ಒಂದು ಗುಂಡಿಯಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಗುಂಡಿ ಬಂದು, ಸಸ್ಪೆನ್ಷನ್ ಕುಗ್ಗಿ ಕುಗ್ಗಿ ಕೂತುಬಿಡುತ್ತೆ.

ನನ್ನ ಮುಂದಿನ ಫೋರ್ಕ್ ಬಿಚ್ಚಿದಾಗ ಬಂದ ಆಯಿಲ್ ಕಾಫಿ ಡಿಕಾಕ್ಷನ್ ತರ ಇತ್ತು. 31,000 ಕಿ.ಮೀ. ಓಡಿಸಿ ಒಮ್ಮೆಯೂ ಬದಲಿಸಿರಲಿಲ್ಲ. ಎಂಜಿನ್ ಆಯಿಲ್ ತಪ್ಪದೆ ಬದಲಿಸುವ ನಾವು ಫೋರ್ಕ್ ಆಯಿಲ್ ಅನ್ನೋದು ಇದೆ ಅಂತಲೇ ಮರೆಯುತ್ತೇವೆ. ಹೊಸ ಸೀಲ್, ಸ್ವಲ್ಪ ದಪ್ಪನೆಯ 15W ಆಯಿಲ್, ಸ್ಪ್ರಿಂಗ್ ಮೇಲೆ 10 ಮಿ.ಮೀ. ಸ್ಪೇಸರ್ ಹಾಕಿಸಿದೆ. ಒಟ್ಟು ಖರ್ಚು ಶಾಕ್ ಜೋಡಿಗೆ ಕೊಟ್ಟಿದ್ದರ ಹತ್ತನೇ ಒಂದು ಭಾಗವೂ ಆಗಲಿಲ್ಲ. ಬ್ರೇಕ್ ಹಿಡಿದಾಗ ಮೂತಿ ಮುಗ್ಗರಿಸೋದು ಕಡಿಮೆಯಾಗಿ, ತಿರುವಿಗೆ ಇಳಿಯುವಾಗ ಹ್ಯಾಂಡಲ್‌ನಲ್ಲಿ ಧೈರ್ಯ ಬಂತು.

ಹಾಗಂತ ಹೊಸ ಶಾಕ್ ಪೂರ್ತಿ ದಂಡ ಅಲ್ಲ. ಹಳೆಯವುಗಳ ಡ್ಯಾಂಪಿಂಗ್ ಸತ್ತೇ ಹೋಗಿತ್ತು, ಬದಲಿಸಲೇಬೇಕಿತ್ತು. ಆದರೆ ಅಳತೆ ಮೊದಲು ಮಾಡಿದ್ದರೆ ಇದಕ್ಕಿಂತ ಕಡಿಮೆ ಬೆಲೆಯದ್ದೇ ಸಾಕಾಗುತ್ತಿತ್ತು. ಈಗ ಒಬ್ಬನೇ ಹೋಗುವಾಗ ಪ್ರೀಲೋಡ್ ಇಳಿಸಿ 28 ಮಿ.ಮೀ. ಸ್ಯಾಗ್, ಇಬ್ಬರು ಮತ್ತು ಲಗೇಜ್ ಇದ್ದಾಗ ಕೊನೆಯ ಹಲ್ಲಿಗೆ ಏರಿಸಿ 33.

ನೀವೂ ಮಾಡಿ ನೋಡಿ

ಘಾಟಿ ಕಡೆ ಹೊರಡುವ ಮುಂಚೆ ಮೊದಲು ಟಯರ್ ಗಾಳಿ ನೋಡಿ. ಟಯರ್ ತಣ್ಣಗಿರುವಾಗ, ಬೈಕಿನ ಸ್ಟಿಕ್ಕರಿನಲ್ಲಿ ಬರೆದಷ್ಟು. ಇಬ್ಬರಿದ್ದರೆ ಹಿಂದಿನ ಟಯರಿಗೆ ಬೇರೆ ಅಂಕಿಯೇ ಇರುತ್ತೆ. ಆಮೇಲೆ ಸೀಟನ್ನು ಜೋರಾಗಿ ಅದುಮಿ ಬಿಡಿ: ಒಮ್ಮೆ ಮೇಲೆ ಬಂದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಡ್ಯಾಂಪಿಂಗ್ ಮುಗಿದಿದೆ. ಫೋರ್ಕ್ ಮೇಲೆ ಆಯಿಲ್ ಜಿನುಗಿದ್ದರೆ ತಡಮಾಡದೆ ಸೀಲ್ ಬದಲಿಸಿ, ಅದು ಬ್ರೇಕ್ ಮೇಲೂ ಇಳಿಯಬಹುದು. ಇಷ್ಟಾದ ಮೇಲೆ ನಿಮ್ಮ ನಿಜವಾದ ಭಾರದಲ್ಲಿ ಸ್ಯಾಗ್ ಅಳೆಯಿರಿ. ಎರಡು ಶಾಕ್ ಇರುವ ಬೈಕಾದರೆ ಎರಡೂ ಬದಿ ಒಂದೇ ಹಲ್ಲಿನಲ್ಲಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಫೋನಿನಲ್ಲಿ ಬರೆದಿಡಿ. ಕೋಡ್‌ನಲ್ಲಿ ಬಗ್ ಹುಡುಕೋ ಹಾಗೇ. ಪಾರ್ಟ್ ಖರೀದಿ ಕಟ್ಟಕಡೆಗೆ. ಮಾರುವವರು ನಿಮ್ಮ ತೂಕ ಕೇಳದಿದ್ದರೆ ನೀವೇ ಹೇಳಿ.

ಇನ್ನೊಂದು ಮಾತು. ಒಳ್ಳೆಯ ಸಸ್ಪೆನ್ಷನ್ ಇರೋದು ಜೋರಾಗಿ ಹೋಗೋಕಲ್ಲ. ಆವತ್ತು 35ರಲ್ಲಿ ಆಗಿದ್ದು 60ರಲ್ಲಿ ಆಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಹೋದ ತಿಂಗಳು ಮತ್ತೆ ಉಜಿರೆ. ಅವಳು ಹೇಳಿದಂತೆಯೇ ಬಸ್ಸಲ್ಲಿ ಬಂದಳು, ನಾನು ಬೈಕಲ್ಲಿ. ವಾಪಸ್ ಹೊರಡುವ ಬೆಳಗ್ಗೆ ಅಂಗಳದಲ್ಲಿ ಬ್ಯಾಗ್ ಕಟ್ಟಿ, ಪ್ರೀಲೋಡ್ ತಿರುಗಿಸಿ, ಟೇಪ್ ಹಿಡಿದು ಕೂತಿದ್ದೆ. ಅಳೆಯೋಕೆ ಹಿಂದೆ ಯಾರಾದರೂ ಕೂರಬೇಕಲ್ಲ? ಅವಳು ಸ್ವಲ್ಪ ಹೊತ್ತು ನೋಡಿ, ಬಂದು ಕೂತಳು. “33” ಅಂದೆ. “ಹಾಗಂದ್ರೆ?” ಅಂದಳು. “ಸರಿಯಾಗಿದೆ ಅಂತ.”

ಹೆಲ್ಮೆಟ್ ಕೇಳಿದಳು. ಕೊಟ್ಟಿಗೆಹಾರ ತಲುಪಲು ಎಂದಿಗಿಂತ ಹತ್ತು ನಿಮಿಷ ಹೆಚ್ಚೇ ಹಿಡಿಯಿತು. ಪೆಗ್ ಎಲ್ಲೂ ಉಜ್ಜಲಿಲ್ಲ. ನೀರುದೋಸೆ ಈ ಸಲ ಅವಳೇ ಆರ್ಡರ್ ಮಾಡಿದಳು, ಇಬ್ಬರಿಗೂ.